ಸೋರೆಬುರುಡೆಯ ತೂಕ

ಬಂಗಾರಪೇಟೆಯ ಹೊರವಲಯದಲ್ಲಿರುವ ನಮ್ಮ ಸಣ್ಣ ಕಾರ್ಯಾಗಾರದಲ್ಲಿ ಒಣಗಿದ ಸೋರೆಬುರುಡೆಗಳ ಮೇಲೆ ಉಬ್ಬುಕೆಲಸ ಮಾಡಿ, ಬಣ್ಣ ಹಚ್ಚಿ, ಕ್ರಿಸ್ಮಸ್ ಮರಕ್ಕೆ ತೂಗುಹಾಕುವ ಅಲಂಕಾರಗಳನ್ನು ತಯಾರಿಸುತ್ತೇವೆ. ಏಳು ಜನರಿರುವ ಈ ತಂಡದಲ್ಲಿ ಕಚ್ಚಾ ಬುರುಡೆ ಕೊಳ್ಳುವುದರಿಂದ ಹಿಡಿದು ಮಾಲು ಕಟ್ಟಿ ಕಳುಹಿಸುವವರೆಗಿನ ಉಸ್ತುವಾರಿ ನನ್ನದು. 2019ರ ನವೆಂಬರಿನಲ್ಲಿ ಬೆಂಗಳೂರಿನ ಒಂದು ಅಂಗಡಿಗೆ 300 ಅಲಂಕಾರಗಳನ್ನು ಕಳುಹಿಸಿದೆವು. ಆ ವರ್ಷ ಆಗಮನ ಕಾಲದ, ಎಂದರೆ ಕ್ರಿಸ್ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳ, ಮೊದಲ ಭಾನುವಾರ ಡಿಸೆಂಬರ್ 1ಕ್ಕೆ ಬಂದಿತ್ತು. ಮನೆಗಳಲ್ಲಿ ಅಲಂಕಾರ ಶುರುವಾಗುವುದೇ ಆಗ. ಅದು ಕಳೆದ ಎರಡನೆಯ ವಾರದಲ್ಲಿ 112 ಬುರುಡೆಗಳು ಹಿಂದಿರುಗಿ ಬಂದವು.

ಅವುಗಳಲ್ಲಿ ಎರಡು ಬಗೆಯ ದೋಷಗಳಿದ್ದವು. ಬಣ್ಣ ಮಾತ್ರ ಹಚ್ಚಿದ ದುಂಡು ಬುರುಡೆಗಳಲ್ಲಿ ಬಣ್ಣ ಗುಳ್ಳೆಯೆದ್ದು, ಬೆರಳಿನಿಂದ ತೀಡಿದರೆ ಹಪ್ಪಳದ ಹಾಗೆ ಏಳುತ್ತಿತ್ತು; ಕೆಲವದರಲ್ಲಿ ವಾರ್ನಿಷ್ ಬೆಳ್ಳಗೆ ಮಂಜು ಕವಿದಂತಾಗಿತ್ತು. ಗಡ್ಡ, ಮೂಗು, ಟೊಪ್ಪಿಗೆಗಳನ್ನು ಉಬ್ಬಾಗಿ ಕೂರಿಸಿದ್ದ ಕ್ರಿಸ್ಮಸ್ ತಾತನ ಬುರುಡೆಗಳಲ್ಲಿ ಬಣ್ಣ ಅಷ್ಟೇನೂ ಕೆಟ್ಟಿರಲಿಲ್ಲ, ಆದರೆ ದಾರ ಕಟ್ಟಿ ತೂಗುಹಾಕಿದ ಕೂಡಲೇ ತಾತನ ಮುಖ ನೆಲದ ಕಡೆಗೆ ಬಾಗುತ್ತಿತ್ತು. ಮೇಜಿನ ಮೇಲಿಟ್ಟು ಕೆಲಸ ಮಾಡಿ, ಮೇಜಿನ ಮೇಲಿಟ್ಟೇ ಪರೀಕ್ಷಿಸಿ, ಹಾಗೆಯೇ ಪೆಟ್ಟಿಗೆಗೆ ತುಂಬಿದ್ದ ನಾವು ಒಂದನ್ನೂ ತೂಗುಹಾಕಿ ನೋಡಿರಲಿಲ್ಲ. ಅಂಗಡಿಯವರ ಹಣವನ್ನು ಹಿಂದಿರುಗಿಸಿದೆವು. ಬಳಿಕ ತಪ್ಪು ಎಲ್ಲಿಂದ ಶುರುವಾಯಿತೆಂದು ಹಿಂದಕ್ಕೆ ಹುಡುಕುತ್ತಾ ಹೋದಾಗ ಅದು ನಮ್ಮನ್ನು ಹೊಲದ ಚಪ್ಪರದವರೆಗೂ ಕರೆದೊಯ್ದಿತು.

ಸೋರೆ ನಮ್ಮ ಜಿಲ್ಲೆಗೆ ಹೊಸದಲ್ಲ. ಬಿತ್ತನೆ ಬೀಜ ಕಾಪಿಡಲು ಸೋರೆಬುರುಡೆಯನ್ನು ಅಟ್ಟಕ್ಕೆ ತೂಗುಹಾಕುತ್ತಿದ್ದುದನ್ನು ನನ್ನ ಅಜ್ಜಿಯ ಮನೆಯಲ್ಲಿ ಕಂಡಿದ್ದೇನೆ. ಕಿನ್ನರಿ ಜೋಗಿಗಳ ಕಿನ್ನರಿಯ ನಾದ ಹೊಮ್ಮುವುದೂ ಬುರುಡೆಯಿಂದಲೇ. ಆದರೆ ಇಂದು ಸೋರೆ ಬೆಳೆಯುವ ರೈತರಿಗೆ ಬೇಕಾಗಿರುವುದು ಎಳೆಯ ಕಾಯಿ. ಬಳ್ಳಿಯ ಮೇಲೆ ಒಂದು ಕಾಯಿಯನ್ನು ಬಲಿಯಲು ಬಿಟ್ಟರೆ ಬಳ್ಳಿ ತನ್ನ ಶಕ್ತಿಯನ್ನೆಲ್ಲ ಆ ಕಾಯಿಯ ಬೀಜಕ್ಕೆ ಎರೆದು, ಹೊಸ ಹೀಚುಗಳನ್ನು ಬಿಡುವುದು ಕಡಿಮೆಯಾಗುತ್ತದೆ. ಆದ್ದರಿಂದ ನಮಗೆ ಬುರುಡೆ ಬೆಳೆದುಕೊಡುವ ರೈತರಿಗೆ ನಾವು ಕಾಯಿಯ ಲೆಕ್ಕದಲ್ಲಿ ಹಣ ಕೊಡುವುದು ನ್ಯಾಯವಲ್ಲ. ಇಡೀ ಸಾಲನ್ನು ಹಂಗಾಮಿಗೆ ಗುತ್ತಿಗೆಯಂತೆ ಹಿಡಿಯಬೇಕು. ಈ ಮಾತನ್ನು ನನಗೆ ಹೇಳಿಕೊಟ್ಟವರು ಮುಳಬಾಗಿಲು ಕಡೆಯ ಒಬ್ಬ ಹಿರಿಯ ರೈತರು. ಸಂಜೆ ಹೊತ್ತು ಅರಳುವ ಬಿಳಿ ಹೂವುಗಳಿಗೆ ಅವರು ಕೈಯಿಂದಲೇ ಪರಾಗ ಮುಟ್ಟಿಸುತ್ತಿದ್ದುದನ್ನು ನೋಡುತ್ತಾ, ಒಂದು ಬುರುಡೆಯ ಹಿಂದೆ ಎಷ್ಟು ಜನರ ಸಂಜೆಗಳಿವೆಯೆಂದು ನನಗೆ ಮೊದಲ ಬಾರಿ ಅರಿವಾಯಿತು.

ಸಾಮಾನ್ಯವಾಗಿ ಡಿಸೆಂಬರ್ ಕೊನೆಗೆ ಬೀಜ ಹಾಕಿ, ಏಪ್ರಿಲ್ ಕೊನೆಯಿಂದ ಮೇ ತಿಂಗಳೊಳಗೆ ಬಲಿತ ಕಾಯಿ ಕೊಯ್ದು, ಬೇಸಿಗೆಯ ಒಣಗಾಳಿಯಲ್ಲಿ ನೆರಳಿಗೆ ತೂಗುಹಾಕುತ್ತೇವೆ. ಆ ವರ್ಷ ಕೊಳವೆಬಾವಿಯ ನೀರು ನಿಂತು ಮೊದಲ ಬಿತ್ತನೆ ಕೈಕೊಟ್ಟಿತು. ಏಪ್ರಿಲ್‌ನಲ್ಲಿ ಮತ್ತೆ ಬಿತ್ತಿದ ಬಳ್ಳಿಯ ಕಾಯಿಗಳು ಆಗಸ್ಟಿನಲ್ಲಿ ಕೈಗೆ ಬಂದವು. ತೊಟ್ಟು ಒಣಗಿ ಕಂದುಬಣ್ಣಕ್ಕೆ ತಿರುಗಬೇಕು, ತೊಟ್ಟಿನ ಬಳಿಯ ನುಲಿಬಳ್ಳಿ ಸತ್ತು ಮುರುಟಬೇಕು, ಉಗುರು ಊರಿದರೆ ಸಿಪ್ಪೆಯ ಮೇಲೆ ಗುರುತು ಬೀಳಬಾರದು ಎನ್ನುವ ಮೂರು ಲಕ್ಷಣಗಳೂ ನನಗೆ ಗೊತ್ತಿದ್ದವು. ಗೊತ್ತಿದ್ದೂ, ದಿನ ಕಡಿಮೆಯಿದೆಯೆಂಬ ಆತಂಕದಲ್ಲಿ ತೊಟ್ಟು ಇನ್ನೂ ಹಸುರಾಗಿದ್ದವನ್ನೂ ಕೊಯ್ಯಲು ಒಪ್ಪಿದೆ. ಅದಾದ ಮೇಲೆ ಸೆಪ್ಟೆಂಬರ್, ಅಕ್ಟೋಬರ್ ಬಂದವು. ಕೋಲಾರದಲ್ಲಿ ವರ್ಷದಲ್ಲೇ ಅತಿ ಹೆಚ್ಚು ಮಳೆ ಬೀಳುವ ತಿಂಗಳುಗಳು ಇವು. ಬುರುಡೆಗಳ ಮೇಲೆ ಬೂಷ್ಟು ಹಿಡಿಯಿತು. ಒಣಗುವ ಬುರುಡೆಗೆ ಬೂಷ್ಟು ಬರುವುದು ಸಹಜ, ತೊಳೆದರೆ ಹೋಗುತ್ತದೆ ಎಂದು ಸುಮ್ಮನಿದ್ದೆವು. ಅದು ನಿಜವೂ ಹೌದು. ಆದರೆ ಒಣಗಿದೆಯೋ ಇಲ್ಲವೋ ಎಂಬುದನ್ನು ನಾವು ತೀರ್ಮಾನಿಸಿದ್ದು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಬೀಜ ಗಲಗಲ ಎಂದರೆ ಸಾಕು ಎಂಬ ನಂಬಿಕೆಯಿಂದ. ತಪ್ಪಿದ್ದು ಅಲ್ಲಿ.

ಹಿಂದಿರುಗಿದ ಬುರುಡೆಗಳಲ್ಲಿ ಹತ್ತನ್ನು ಗರಗಸದಿಂದ ಉದ್ದಕ್ಕೆ ಸೀಳಿದೆವು. ಹೊಟ್ಟೆಯ ಭಾಗದಲ್ಲಿ ಬೀಜಗಳು ಬಿಡಿಯಾಗಿ ಉದುರಿದ್ದವು, ಆದರೆ ಕತ್ತಿನ ಕಿರಿದಾದ ಭಾಗದಲ್ಲಿ ತಿರುಳು ಕಪ್ಪಗೆ, ತೇವವಾಗಿ, ಒದ್ದೆ ಹತ್ತಿಯಂತೆ ಗೋಡೆಗೆ ಅಂಟಿಕೊಂಡಿತ್ತು. ಸದ್ದು ಕೊಟ್ಟದ್ದು ಹೊಟ್ಟೆ, ತೇವ ಬಚ್ಚಿಟ್ಟುಕೊಂಡದ್ದು ಕತ್ತು. ಆ ತೇವ ಹೊರಬರಲು ದಾರಿ ಹುಡುಕುತ್ತಾ ಸಿಪ್ಪೆಯ ಮೂಲಕ ಬಂದು, ಹೊರಗಿನ ಬಣ್ಣದ ಪದರ ತಡೆದಾಗ ಅದನ್ನು ಎಬ್ಬಿಸಿತ್ತು.

ನಮ್ಮ ಜೊತೆ ತಂತಿ ಕೊಕ್ಕೆಗಳ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರನ್ನು ನಾವೆಲ್ಲ ಅಂಕಲ್ ಎಂದೇ ಕರೆಯುತ್ತಿದ್ದೆವು. 2001ರ ಫೆಬ್ರವರಿ 28ರಂದು ಕೋಲಾರ ಚಿನ್ನದ ಗಣಿಗಳು ಮುಚ್ಚುವವರೆಗೂ ಅವರು ಅದಿರಿನ ಮಾದರಿಗಳನ್ನು ಪರೀಕ್ಷಿಸುವ ವಿಭಾಗದಲ್ಲಿ ಸಹಾಯಕರಾಗಿದ್ದವರು. ಸೀಳಿದ ಬುರುಡೆಯನ್ನು ಕೈಯಲ್ಲಿ ತಿರುಗಿಸಿ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: “ತೂಕ ಹಾಕಿದ್ರಾ ಅಮ್ಮ?” ಅದಿರಿನ ಮಾದರಿಯನ್ನು ಒಣಗಿಸಿ ತೂಗುತ್ತಾರೆ, ಮತ್ತೆ ಒಣಗಿಸಿ ಮತ್ತೆ ತೂಗುತ್ತಾರೆ, ತೂಕ ಇಳಿಯುವುದು ನಿಂತ ಮೇಲೆಯೇ ಅದು ಒಣಗಿತೆಂದು ಬರೆದುಕೊಳ್ಳುತ್ತಾರೆ ಎಂದು ವಿವರಿಸಿದರು. “ತೂಕ ನಿಲ್ಲೋವರೆಗೂ ಒಣಗಿಲ್ಲ ಅಂತಲೇ ಲೆಕ್ಕ. ಕಣ್ಣು, ಕಿವಿ ಎರಡೂ ನಮಗೆ ಬೇಕಾದ್ದನ್ನೇ ಹೇಳ್ತವೆ” ಎಂದರು.

ಮರುವರ್ಷದಿಂದ ಪ್ರತಿ ಬುರುಡೆಯ ತೊಟ್ಟಿಗೂ ಸಂಖ್ಯೆ ಬರೆದ ಚೀಟಿ ಕಟ್ಟಿದೆವು. ಅಡುಗೆಮನೆಯಲ್ಲಿ ಬಳಸುವ, 1 ಗ್ರಾಂವರೆಗೆ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿಯೊಂದನ್ನು ತಂದು, ಪ್ರತಿ ಭಾನುವಾರ ತೂಗಿ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆಯತೊಡಗಿದೆವು. ಕೊಯ್ದ ದಿನ 380 ಗ್ರಾಂ ಇದ್ದ ಮುಷ್ಟಿಗಾತ್ರದ ಒಂದು ಬುರುಡೆ ಕೊನೆಗೆ 36 ಗ್ರಾಂಗೆ ಬಂದು ನಿಂತಿತು. ಮೊದಲ ವಾರಗಳಲ್ಲಿ ತೂಕ ದಡಬಡ ಇಳಿಯುತ್ತದೆ, ಆಮೇಲೆ ಇಳಿಕೆ ನಿಧಾನವಾಗುತ್ತದೆ, ಕೊನೆಯ ಹತ್ತು ಹನ್ನೆರಡು ಗ್ರಾಂ ಇಳಿಯಲು ಮೊದಲ ಇನ್ನೂರು ಗ್ರಾಂಗಿಂತ ಹೆಚ್ಚು ಕಾಲ ಬೇಕಾಗುತ್ತದೆ. 2019ರಲ್ಲಿ ನಾವು ಬಣ್ಣ ಹಚ್ಚಿದ್ದು ಆ ಕೊನೆಯ ಗ್ರಾಂಗಳು ಒಳಗಿದ್ದಾಗಲೇ ಇರಬೇಕು.

ಮಳೆಗಾಲ ಬಂದಾಗ ಒಂದು ವಿಚಿತ್ರ ಕಂಡಿತು. ತೂಕ ನಿಂತಿದ್ದ ಬುರುಡೆಗಳು ಒಂದೆರಡು ಗ್ರಾಂ ಏರಿದವು. ನಮ್ಮ ಹುಡುಗಿಯರು ತಕ್ಕಡಿ ಕೆಟ್ಟಿದೆಯೆಂದುಕೊಂಡರು. ಅಂಕಲ್ ಅದಕ್ಕೂ ಒಂದು ಉಪಾಯ ಹೇಳಿದರು: ಹಿಂದಿನ ವರ್ಷದ, ಸಂಪೂರ್ಣ ಒಣಗಿದ್ದ ಒಂದು ಬುರುಡೆಯನ್ನು ಅದೇ ಅಟ್ಟದಲ್ಲಿ ಇಟ್ಟು, ಉಳಿದವುಗಳ ಜೊತೆ ಅದನ್ನೂ ತೂಗಬೇಕು. ಅದೂ ಅಷ್ಟೇ ಏರಿದರೆ ಅದು ಗಾಳಿಯಲ್ಲಿರುವ ತೇವ. ಅದು ಏರದೆ ಬೇರೆಯವು ಮಾತ್ರ ಹೆಚ್ಚು ಕಡಿಮೆಯಾಗುತ್ತಿದ್ದರೆ ಒಳಗೆ ಇನ್ನೂ ತೇವವಿದೆಯೆಂದರ್ಥ. ಆ ಬುರುಡೆಗೆ ನಾವು ‘ಸಾಕ್ಷಿ’ ಎಂದು ಹೆಸರಿಟ್ಟೆವು. ಈಗ ನಮ್ಮ ನಿಯಮ ಇಷ್ಟು: ಸತತ ಮೂರು ಭಾನುವಾರ ತೂಕ ನಿಂತಿರಬೇಕು, ಅಥವಾ ಬದಲಾದರೆ ಸಾಕ್ಷಿಯ ಜೊತೆಗೇ ಬದಲಾಗಿರಬೇಕು.

ಈ ನಡುವೆ ಬೇರೆ ನಾಡುಗಳವರು ಬುರುಡೆಯನ್ನು ಹೇಗೆ ಅಲಂಕರಿಸುತ್ತಾರೆಂದು ಓದತೊಡಗಿದೆ. ಛತ್ತೀಸ್‌ಗಢದ ಬಸ್ತರ್‌ನಲ್ಲಿ ತುಮಾ ಎಂದು ಕರೆಯುವ ಬುರುಡೆಯ ಮೇಲೆ ಕಾಯಿಸಿದ ಚಾಕುವಿನಿಂದ ಸುಟ್ಟು ಚಿತ್ತಾರ ಬಿಡಿಸುತ್ತಾರೆ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಉವಾಂಕಾಯೊ ನಗರದ ಸಮೀಪದ ಕೋಚಾಸ್ ಹಳ್ಳಿಗಳವರು ಚೂಪಾದ ಉಳಿಯಿಂದ ಸಿಪ್ಪೆಯನ್ನು ಕೊರೆದು, ಬೆಂಕಿಯಿಂದ ನೆರಳು ಕೊಟ್ಟು, ಬಾಲಯೇಸುವಿನ ಗೋದಲಿಯನ್ನು ಬುರುಡೆಯ ಒಳಗೇ ಜೋಡಿಸುತ್ತಾರೆ. ಇಬ್ಬರೂ ಸಿಪ್ಪೆಯನ್ನೇ ಚಿತ್ರವಾಗಿಸುತ್ತಾರೆ. ಮೇಲೆ ಪದರ ಕಟ್ಟುವುದಿಲ್ಲ. ನಾವು ಮಾತ್ರ ಅಸ್ತರಿ (ಬಣ್ಣಕ್ಕೆ ಮೊದಲು ಬಳಿಯುವ ತಳಪದರ), ಬಣ್ಣ, ವಾರ್ನಿಷ್, ಅದರ ಜೊತೆ ಉಬ್ಬುಜೇಡಿಯನ್ನೂ ಹೊರಿಸುತ್ತಿದ್ದೆವು. ಉಸಿರಾಡುವ ಸಿಪ್ಪೆಗೆ ಹೊದಿಕೆ ಹೊದಿಸುವವರು ಒಣಗಿಸುವುದರಲ್ಲಿ ಅವರಿಗಿಂತ ಹೆಚ್ಚು ಕಟ್ಟುನಿಟ್ಟಾಗಿರಬೇಕೆಂಬುದು ಆಗ ಸ್ಪಷ್ಟವಾಯಿತು. ಈಗ ಪ್ರತಿ ಬುರುಡೆಯ ತಳದಲ್ಲಿ ಬೈರಿಗೆಯಿಂದ 3 ಮಿಲಿಮೀಟರಿನ ಒಂದು ರಂಧ್ರ ಕೊರೆದು ತೆರೆದೇ ಬಿಡುತ್ತೇವೆ.

ಬಣ್ಣ ಏಳಲು ತೇವದ ಜೊತೆ ಇನ್ನೊಂದು ಕಾರಣವೂ ಇತ್ತು. ಬುರುಡೆಯ ಮೇಲೆ ಮೇಣದಂಥ ತೆಳುವಾದ ಹೊರಪೊರೆ ಇರುತ್ತದೆ. ಅದು ಪೂರ್ತಿ ಹೋಗದೆ ಬಣ್ಣ ಹಿಡಿಯುವುದಿಲ್ಲ. ಒದ್ದೆ ಗೋಣಿಚೀಲದಲ್ಲಿ ಒಂದು ಗಂಟೆ ಸುತ್ತಿಟ್ಟು, ಮೊಂಡು ಚಾಕುವಿನಿಂದ ಕೆರೆದು, ಪಾತ್ರೆ ಉಜ್ಜುವ ತಂತಿಯಿಂದ ತಿಕ್ಕಿದರೆ ಅದು ಬರುತ್ತದೆ. ಹೀಗೆ ತೊಳೆದ ಬುರುಡೆ ಮತ್ತೆ ತಕ್ಕಡಿಗೆ ಹೋಗಿ, ಹಳೆಯ ತೂಕಕ್ಕೆ ಇಳಿದ ಮೇಲಷ್ಟೇ ಅಸ್ತರಿಗೆ ಬರಬೇಕು. ಬುರುಡೆಯನ್ನು ಗರಗಸದಿಂದ ಸೀಳುವಾಗ, ಒಳಗಿನ ತಿರುಳನ್ನು ಕೆರೆಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ; ಅದರಲ್ಲಿ ಒಣಗಿದ ಬೂಷ್ಟೂ ಇರುತ್ತದೆ. ಮುಖಗವಸು ಇಲ್ಲದೆ ಯಾರೂ ಗರಗಸ ಹಿಡಿಯಕೂಡದೆಂಬ ವಿಷಯದಲ್ಲಿ ನಾನು ಯಾರ ಮಾತಿಗೂ ಸಡಿಲಗೊಳ್ಳುವುದಿಲ್ಲ.

ಉಬ್ಬುಕೆಲಸದ ಪಾಠ ಇದಕ್ಕಿಂತ ಕಷ್ಟದ್ದು. ಬಾಗಿದ ಕತ್ತಿನ ಬುರುಡೆಯನ್ನು ಕ್ರಿಸ್ಮಸ್ ತಾತನಿಗೆಂದು ಆರಿಸುತ್ತೇವೆ: ಕತ್ತು ಅವನ ಟೊಪ್ಪಿಗೆ, ಹೊಟ್ಟೆ ಅವನ ಮುಖ. ಎರಡು ಉಂಡೆಗಳನ್ನು ಸಮಪಾಲಾಗಿ ಬೆರೆಸಿ ನಾದುವ ಎಪಾಕ್ಸಿ ಜೇಡಿಯಿಂದ ಗಡ್ಡವನ್ನೆಲ್ಲ ಮಾಡುತ್ತಿದ್ದ ಕಾಲದಲ್ಲಿ, 36 ಗ್ರಾಂ ಬುರುಡೆಯ ಮುಂಭಾಗಕ್ಕೆ 40 ಗ್ರಾಂ ಜೇಡಿ ಹೊರಿಸಿದ್ದೆವು. ತೂಗುವ ಯಾವ ವಸ್ತುವಾದರೂ ತನ್ನ ಭಾರದ ಕೇಂದ್ರ ದಾರದ ನೇರ ಕೆಳಗೆ ಬರುವವರೆಗೂ ತಿರುಗುತ್ತದೆ. ದಾರ ಟೊಪ್ಪಿಗೆಯ ನಡುವಿನಲ್ಲಿದ್ದು ಭಾರ ಗಡ್ಡದಲ್ಲಿದ್ದರೆ ಮುಖ ಕೆಳಗೆ ಬಾಗದೆ ಬೇರೆ ದಾರಿಯಿಲ್ಲ. ಹಿಂಭಾಗದೊಳಗೆ ಜೇಡಿಯ ತುಂಡು ಅಂಟಿಸಿ ಸರಿದೂಗಿಸಿ ನೋಡಿದೆವು. ಮುಖ ನೆಟ್ಟಗಾಯಿತು, ಆದರೆ ಒಟ್ಟು ತೂಕ 100 ಗ್ರಾಂ ಮೀರಿತು. ನಮ್ಮ ಕಡೆ ಅನೇಕ ಮನೆಗಳಲ್ಲಿ ಇಂದಿಗೂ ಸರ್ವೆ ಮರದ ಕೊಂಬೆಯನ್ನೇ ಕ್ರಿಸ್ಮಸ್ ಮರವಾಗಿ ನಿಲ್ಲಿಸುತ್ತಾರೆ. ಅದರ ಸೂಜಿಯಂಥ ತೆಳುಗೊನೆಗಳು ಅಷ್ಟು ಭಾರಕ್ಕೆ ನೆಲ ಮುಟ್ಟುವಂತೆ ಬಾಗುತ್ತವೆ. ಹಾಗಾಗಿ ಸಿದ್ಧವಾದ ಅಲಂಕಾರ 60 ಗ್ರಾಂ ಮೀರಬಾರದೆಂದು ಮಿತಿ ಹಾಕಿಕೊಂಡೆವು.

ಆ ಮಿತಿ ನಮ್ಮನ್ನು ಹಳೆಯ ಪದಾರ್ಥಗಳ ಕಡೆಗೆ ತಿರುಗಿಸಿತು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಕೆಲಸದವರು ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನಿಂದ ಕಿಟ್ಟ ಎಂಬ ಲೇಪನ ತಯಾರಿಸುತ್ತಾರೆ. ಹುಣಸೆ ಬೀಜಕ್ಕೆ ನಮ್ಮಲ್ಲಿ ಬರವಿಲ್ಲ. ನೆನೆಸಿ ರುಬ್ಬಿದ ಕಾಗದ, ಸೋಸಿದ ಮರದ ಹೊಟ್ಟು, ಹುಣಸೆ ಬೀಜದ ಅಂಟು ಇವುಗಳ ಮಿಶ್ರಣ ಎಪಾಕ್ಸಿಗಿಂತ ಬಹಳ ಹಗುರ. ಆದರೆ ಅದು ಒಣಗುವಾಗ ಕುಗ್ಗುತ್ತದೆ, ದಪ್ಪಗೆ ಮೆತ್ತಿದರೆ ಅಂಚಿನಲ್ಲಿ ಬಿರುಕು ಬಿಡುತ್ತದೆ, ಅದರ ನೀರು ಸಿಪ್ಪೆಗೂ ಇಳಿಯುತ್ತದೆ. ಸಿಪ್ಪೆಯ ಮೇಲೆ ಮೊದಲು ಗೀರು ಹಾಕಿ, 2 ಮಿಲಿಮೀಟರಿಗಿಂತ ದಪ್ಪವಾಗದಂತೆ ಪದರ ಕೊಟ್ಟು, ಒಂದು ದಿನ ಒಣಗಿಸಿ, ಮತ್ತೆ ಪದರ ಕೊಡುತ್ತೇವೆ. ಗಡ್ಡ, ಹುಬ್ಬು, ಟೊಪ್ಪಿಗೆಯ ಅಂಚು ಇದರಿಂದಾಗುತ್ತವೆ. ತಾಕಿ ಮುರಿಯಬಹುದಾದ ಮೂಗಿನ ತುದಿಗೆ ಮಾತ್ರ ಎಪಾಕ್ಸಿ. ಒಣಗಿದ ತೊಟ್ಟು ಎಷ್ಟು ಗಟ್ಟಿಯಾಗಿ ಕಂಡರೂ ಒಂದು ದಿನ ಚಟ್ಟನೆ ಮುರಿಯುತ್ತದೆ, ಅದಕ್ಕೆ ದಾರ ಕಟ್ಟಬಾರದು. ಕೆಲಸ ಶುರುವಾಗುವ ಮೊದಲೇ ಕತ್ತಿನ ಮೂಲಕ ತಾಮ್ರದ ತಂತಿಯ ಕೊಕ್ಕೆ ತೂರಿಸಿ, ಕೊಕ್ಕೆಯನ್ನು ಮುಖದ ಕಡೆಗೆ ಅರ್ಧ ಅಂಗುಲದಷ್ಟು ಮುಂದಕ್ಕೆ ತರುತ್ತೇವೆ, ಮತ್ತು ಪ್ರತಿ ಪದರದ ನಂತರ ಬುರುಡೆಯನ್ನು ತೂಗುಹಾಕಿ ದೂರ ನಿಂತು ನೋಡುತ್ತೇವೆ.

ಬಣ್ಣದ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನಿಲ್ಲ. ನಮ್ಮ ಹುಡುಗಿಯರ ಕೈ ನನ್ನ ಕೈಗಿಂತ ಚೆನ್ನಾಗಿದೆ. ಒಂದು ವಿಷಯದಲ್ಲಿ ಮಾತ್ರ ನನ್ನ ಆಸೆಯನ್ನು ಅವರು ನಡೆಸಿಕೊಟ್ಟಿದ್ದಾರೆ. ಗೋದಲಿಯ ದೃಶ್ಯ ಬರೆಯುವಾಗ ಬುರುಡೆಯ ಸಹಜ ಕಂದುಬಣ್ಣವನ್ನೇ ಮಣ್ಣಾಗಿ, ಹುಲ್ಲಾಗಿ, ರಾತ್ರಿಯಾಗಿ ಉಳಿಸಿ, ಬಾಲಯೇಸುವಿಗೂ ನಕ್ಷತ್ರಕ್ಕೂ ಮಾತ್ರ ಬಣ್ಣ ಹಚ್ಚುತ್ತಾರೆ. ಆ ಗೋದಲಿಯ ಕುರುಬರ ಹೆಗಲ ಮೇಲೆ ನಮ್ಮ ಊರಿನ ಕರಿ ಕಂಬಳಿ ಇರುತ್ತದೆ.

ಈ ವರ್ಷ ಅಟ್ಟದಲ್ಲಿ 260 ಬುರುಡೆಗಳಿವೆ. ಅವುಗಳಲ್ಲಿ 41 ಇನ್ನೂ ವಾರಕ್ಕೆ 2 ಗ್ರಾಂ ಇಳಿಯುತ್ತಿವೆ. ಅಷ್ಟನ್ನು ಬಿಟ್ಟು ಲೆಕ್ಕ ಹಾಕಿ, ಅಂಗಡಿಯವರಿಗೆ 200 ಮಾತ್ರ ಕೊಡಬಲ್ಲೆವೆಂದು ಈಗಾಗಲೇ ತಿಳಿಸಿದ್ದೇನೆ. ಟೊಪ್ಪಿಗೆಯ ಅಂಚಿನಲ್ಲಿ ಕಾಗದದ ಲೇಪನ ಅಲ್ಲಲ್ಲಿ ಇನ್ನೂ ಕೂದಲೆಳೆಯಷ್ಟು ಬಿರುಕು ಬಿಡುತ್ತಿದೆ. ಹೊಟ್ಟನ್ನು ಇನ್ನಷ್ಟು ನಯವಾಗಿ ಸೋಸಿ ನೋಡುತ್ತಿದ್ದೇವೆ.