ತೈ ಚಿ, ಐದನೇ ತಿಂಗಳು: ಕೊನೆಗೂ ಕುದುರೆ ಜೂಲಿನ ಸಿಕ್ಕು ಬಿಟ್ಟಿತು

ತೈ ಚಿ ಅನ್ನೋ ಚೀನಾದ ನಿಧಾನಗತಿಯ ವ್ಯಾಯಾಮದಲ್ಲಿ ಜೂನ್‌ನಿಂದ ನನ್ನ ಪ್ರಾಣ ತಿಂದ ಎರಡನೇ ವರಸೆ ನಿನ್ನೆ ಬೆಳಿಗ್ಗೆ ದಾರಿಗೆ ಬಂತು. ಮೂರು ಹೆಜ್ಜೆ, ಒಂದು ಸಲವೂ ತೂರಾಡಲಿಲ್ಲ. ನೋಡಿದ್ದು ಕಣದ ಮೂಲೆಯಲ್ಲಿ ಮಲಗಿದ್ದ ನಾಯಿ ಮಾತ್ರ. ಅದೂ ಆಕಳಿಸಿತು.

24 ವರಸೆ ಮಾಡುವವರಿಗೆ ಯಾವುದು ಅಂತ ಗೊತ್ತಾಗಿರುತ್ತದೆ. ಕಾಡುಕುದುರೆಯ ಜೂಲು ಬಿಡಿಸೋದು. 1956ರಲ್ಲಿ ಚೀನಾದವರು ತೈ ಚಿಯ ಯಾಂಗ್ ಅನ್ನೋ ಶೈಲಿಯ ಉದ್ದನೆ ಸರಣಿಯನ್ನು ಕತ್ತರಿಸಿ, ಜನಸಾಮಾನ್ಯರಿಗೆ ಸುಲಭವಾಗಲಿ ಅಂತ 24ಕ್ಕೆ ಇಳಿಸಿದರು. ಸುಲಭ ಅಂದವರು ಎರಡನೇ ನಂಬರಿಗೇ ಇದನ್ನು ಯಾಕೆ ಇಟ್ಟರೋ. ಇದಕ್ಕಿಂತ ಆರನೇದು, ಕೋತಿ ಓಡಿಸೋದು, ನನಗೆ ಸಲೀಸು. ಆದರೆ ಒಂದು ತಕರಾರಿದೆ. ಅದರಲ್ಲಿ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಕೋತಿ ಓಡಿಸಬೇಕು. ಮೂಡಿಗೆರೆ ಕಡೆಯ ಕೋತಿಗಳ ಮುಂದೆ ಹಿಂದಕ್ಕೆ ಸರಿದು ನೋಡಿ, ಸೀದಾ ಅಡುಗೆಮನೆಗೇ ಬರುತ್ತವೆ.

ಇರಲಿ. ತೊಂದರೆ ಏನಂದ್ರೆ, ಎರಡೂ ಕೈಯಲ್ಲಿ ಇಲ್ಲದ ಚೆಂಡು ಹಿಡಿದ ಹಾಗೆ ಮಾಡಿ ಎಡಗಾಲು ಮುಂದಿಟ್ಟು, ಭಾರ ಮುಂದಕ್ಕೆ ತಂದು, ಸೊಂಟ ತಿರುಗಿಸಿ ಕೈ ಬಿಡಿಸುವ ಹೊತ್ತಿಗೆ ಸರಿಯಾಗಿ ನಾನು ಬಲಕ್ಕೆ ವಾಲುತ್ತಿದ್ದೆ. ಬೀಳುತ್ತಿರಲಿಲ್ಲ. ಪಕ್ಕದಲ್ಲಿ ಕುರ್ಚಿ ಇಟ್ಟುಕೊಂಡೇ ಮಾಡೋದು. ಆದರೆ ಪ್ರತಿ ಸಲ ಆ ಕುರ್ಚಿಯನ್ನು ಮುಟ್ಟಿದ್ದು ಮುಟ್ಟಿದ್ದೇ.

ಮೊದಲು ವಯಸ್ಸಿನ ಮೇಲೆ ಹಾಕಿದೆ. 67 ಆಯ್ತು, ಕಿವಿಯೊಳಗಿನ ಸಮತೋಲನ ಹೋಗಿರಬೇಕು ಅಂತ. ಆದರೆ ಒಂದು ಪಾದದ ಮುಂದೆ ಇನ್ನೊಂದು ಪಾದ ತಾಗಿಸಿ ನಿಲ್ಲುವ ಪರೀಕ್ಷೆಯಲ್ಲಿ ಹತ್ತು ಸೆಕೆಂಡ್ ಆರಾಮಾಗಿ ನಿಲ್ಲುತ್ತೇನೆ. ಕೈ ಎದೆಗೆ ಕಟ್ಟಿ ಕುರ್ಚಿಯಿಂದ 30 ಸೆಕೆಂಡಲ್ಲಿ ಎಷ್ಟು ಸಲ ಏಳಬಹುದು ಅನ್ನೋ ಲೆಕ್ಕದಲ್ಲೂ ಜೂನ್‌ನಲ್ಲಿ 9 ಇದ್ದದ್ದು ಈಗ 13. ನನ್ನ ವಯಸ್ಸಿನ ಗಂಡಸರಿಗೆ 12ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಜಾಸ್ತಿ ಅಂತಾರೆ. ಅಂದರೆ ತೊಡೆಗೆ ಶಕ್ತಿ ಬಂದಿದೆ. ಆದರೂ ವಾಲಾಟ ನಿಂತಿಲ್ಲ.

ಆಮೇಲೆ ಶೂ ಮೇಲೆ ಹಾಕಿದೆ. ದಪ್ಪ ಮೆತ್ತನೆ ಅಟ್ಟೆಯ ಶೂ ಹಾಕಿದರೆ ಪಾದಕ್ಕೆ ನೆಲವೇ ಗೊತ್ತಾಗುವುದಿಲ್ಲ, ಅದು ನಿಜ. ತೆಳು ಅಟ್ಟೆಯದು ಬೇಕು ಅಂತ ಆನ್‌ಲೈನಿನಲ್ಲಿ ಆರ್ಡರ್ ಮಾಡಿದೆ. ಹದಿನೆಂಟು ದಿನ ಬಿಟ್ಟು ಬಂತು. ಎರಡೂ ಎಡಗಾಲಿನದು! ವಾಪಸ್ ಕಳಿಸಿದೆ. ಎರಡನೇ ಸಲ ಎಡ ಬಲ ಸರಿ ಇತ್ತು, ಸೈಜು ಮೊಮ್ಮಗನದು. ಫೋನ್ ಮಾಡಿದರೆ "ಸರ್, ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಅಂತಾನೆ. ಶೂವೋ ಕಾಲೋ ಅಂತ ಕೇಳುವಷ್ಟರಲ್ಲಿ ಲೈನ್ ಕಟ್. ಅವರೇ ಕೊಟ್ಟ ಚಾಪೆಯ ಕಥೆ ಇನ್ನೂ ಚೆನ್ನಾಗಿದೆ. ಅದು ಪಾದವನ್ನು ಅಂಟಿನ ಹಾಗೆ ಹಿಡಿಯುತ್ತೆ. ಪಾದ ತಿರುಗಿಸಬೇಕಾದ ಕಡೆ ಪಾದ ನಿಂತುಬಿಡುತ್ತೆ, ಮೈ ತಿರುಗುತ್ತೆ, ನಡುವೆ ಸಿಕ್ಕಿದ ಮಂಡಿ ಲಬೋ ಅನ್ನುತ್ತೆ. ಎರಡು ವಾರ ಎಣ್ಣೆ ತಿಕ್ಕಿಕೊಂಡೆ. ಈಗ ಚಾಪೆ ಮೇಲೆ ಮೆಣಸು ಒಣಗುತ್ತಿದೆ. ನಾನು ಬರಿಗಾಲಲ್ಲಿ.

ಗುಟ್ಟು ರಟ್ಟು ಮಾಡಿದ್ದು ನನ್ನ ಅಕ್ಕ. ಅವಳಿಗೆ 74. ನಮ್ಮ ಐದು ಜನರ ಬ್ಯಾಚಿನಲ್ಲಿ ವರಸೆಗಳ ಹೆಸರು ಒಂದೂ ನೆನಪಿಲ್ಲದವಳು, ಆದರೆ ಒಂದು ದಿನವೂ ತೂರಾಡದವಳು ಅವಳೊಬ್ಬಳೇ. ಎರಡು ವಾರದ ಹಿಂದೆ ನಲ್ಲಿ ಹತ್ತಿರ ಕಾಲು ತೊಳೆದುಕೊಂಡು, ಒಣಗಿದ ಸಿಮೆಂಟ್ ಕಣದ ಮೇಲೆ ದಾಸವಾಳ ಕೊಯ್ಯಲು ಹೋದಳು. ಹಿಂದೆಯೇ ನಾನೂ ಕಾಲು ತೊಳೆದು ನಡೆದೆ. ತಿರುಗಿ ನೋಡಿದರೆ ಒದ್ದೆ ಹೆಜ್ಜೆ ಗುರುತು ಪಕ್ಕಪಕ್ಕದಲ್ಲೇ ಬಿದ್ದಿದೆ. ಅವಳದು ಎರಡು ಸಾಲು, ನಡುವೆ ಒಂದು ಅಂಗೈ ಅಗಲ ಒಣ ನೆಲ. ನನ್ನದು ನರಿ ನಡೆದ ಹಾಗೆ ಒಂದೇ ಗೆರೆ.

ಅಲ್ಲೇ ಕೂತುಬಿಟ್ಟೆ. ಐದು ತಿಂಗಳು ಕೈ ನೋಡಿದೆ, ಸೊಂಟ ನೋಡಿದೆ, ಶೂ ನೋಡಿದೆ. ಹೆಜ್ಜೆಯ ಉದ್ದ ಕೂಡ ಅಳೆದಿದ್ದೆ. ಅಗಲ ನೋಡಿರಲೇ ಇಲ್ಲ.

ನಾನು ಗದ್ದೆ ಬದುವಿನ ಮೇಲೆ ನಡೆದು ಬೆಳೆದವನು. ಆಮೇಲೆ ನಲವತ್ತು ವರ್ಷ ಕಾಫಿ ಸಾಲಿನ ನಡುವೆ. ಎರಡು ಕಡೆಯೂ ಒಂದರ ಮುಂದೊಂದು ಕಾಲಿಟ್ಟೇ ನಡೆಯಬೇಕು. ಅಕ್ಕನನ್ನು ಕೊಟ್ಟಿದ್ದು ಕಡೂರಿನ ಬಯಲಿಗೆ. ಅಲ್ಲಿ ನಡೆಯೋಕೆ ಊರಗಲ ಜಾಗ. (ಇದು ನನ್ನ ಸಿದ್ಧಾಂತ. ಅಕ್ಕ ಒಪ್ಪಿಲ್ಲ.)

ಮಾಮೂಲಿ ನಡಿಗೆಯಲ್ಲಿ ಒಂದೇ ಗೆರೆ ಆದರೂ ನಡೆಯುತ್ತೆ, ವೇಗವೇ ಹೊತ್ತು ದಾಟಿಸುತ್ತೆ. ಸೈಕಲ್ ಹಾಗೆ. ಜೋರಾಗಿ ಹೋದರೆ ನೆಟ್ಟಗೆ, ಮೆಲ್ಲಗೆ ಹೋದರೆ ಹ್ಯಾಂಡಲ್ ಅಲ್ಲಾಡುತ್ತೆ. ತೈ ಚಿ ಅಂದರೆ ಬೇಕಂತಲೇ ಮೆಲ್ಲಗೆ ಹೋಗೋದು. ಎರಡೂ ಪಾದ ಒಂದೇ ಗೆರೆಯಲ್ಲಿದ್ದರೆ ಮೈಗೆ ಅಡ್ಡಕ್ಕೆ ಆಧಾರ ಇರೋದು ಒಂದು ಪಾದದ ಅಗಲವಷ್ಟೇ. ಅದರ ಮೇಲೆ ನಿಂತು ಎರಡೂ ಕೈ ಬಿಡಿಸಿ ಸೊಂಟ ತಿರುಗಿಸಿದರೆ ವಾಲದೆ ಇನ್ನೇನು ಮಾಡುತ್ತೆ? ಬಿಲ್ಲು ನಿಲುವಿನಲ್ಲಿ (ಮುಂದಿನ ಮಂಡಿ ಬಗ್ಗಿಸಿ, ಹಿಂದಿನ ಕಾಲು ಚಾಚಿ ನಿಲ್ಲೋದು) ಹಿಮ್ಮಡಿಗಳ ನಡುವೆ ಅಡ್ಡಕ್ಕೆ 10ರಿಂದ 30 ಸೆಂಟಿಮೀಟರ್ ಬಿಡಿ ಅಂತ ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಂಡಿದ್ದೇನೆ. ಅಡಿಗೆರೆ ಬೇರೆ ಎಳೆದಿದ್ದೇನೆ.

ಗೊತ್ತಾದ ಮಾತ್ರಕ್ಕೆ ಕಾಲು ಕೇಳಬೇಕಲ್ಲ. ರಂಗೋಲಿ ಪುಡಿಯಲ್ಲಿ ಒಂದು ಗೇಣು ಅಂತರಕ್ಕೆ ಎರಡು ಗೆರೆ ಎಳೆದೆ, ರೈಲು ಹಳಿ ಹಾಗೆ. ಎಡ ಹಿಮ್ಮಡಿ ಎಡ ಹಳಿ, ಬಲ ಹಿಮ್ಮಡಿ ಬಲ ಹಳಿ. ಮೊದಲ ದಿನ ಕೋಳಿಗಳು ಕೆದಕಿದವು. ಎರಡನೇ ದಿನ ಇಬ್ಬನಿ. ಮೂರನೇ ದಿನ ಕೆಲಸದಾಕೆ ಬೈದುಕೊಂಡು ಗುಡಿಸಿದಳು. ಕೊನೆಗೆ ಜಗಲಿಯ ಕೆಂಪು ಗಾರೆ ಮೇಲೆ ಟೇಪ್ ಅಂಟಿಸಿದೆ.

ಅಲ್ಲಿ ಇನ್ನೊಂದು ಬಣ್ಣ ಬಯಲಾಯಿತು. ನಾನು ಕಾಲು ಇಡುತ್ತಿರಲಿಲ್ಲ, ಕಾಲಿನ ಮೇಲೆ ಬೀಳುತ್ತಿದ್ದೆ. ಹಿಮ್ಮಡಿ ನೆಲ ಮುಟ್ಟಿದ ಕ್ಷಣ ನಿಂತು, ಆ ಕಾಲನ್ನು ಹಾಗೇ ವಾಪಸ್ ಎತ್ತಿಕೊಳ್ಳಲು ಆಗಬೇಕು. ಹಾಗೆ ಎತ್ತಲು ಆದರೆ ಅದು ಖಾಲಿ ಕಾಲು, ಭಾರ ಬಿದ್ದಿಲ್ಲ ಅಂತ. ಆಗದಿದ್ದರೆ ಭಾರ ಆಗಲೇ ಹೋಗಿಬಿಟ್ಟಿದೆ ಅಂತ. ನೀವೂ ಈಗ ಎದ್ದು ನೋಡಿ, ಕುರ್ಚಿ ಪಕ್ಕದಲ್ಲಿರಲಿ. ನನಗೆ ಹತ್ತರಲ್ಲಿ ಎಂಟು ಸಲ ಆಗಲಿಲ್ಲ. ಹಿಂದಿನ ಕಾಲಿನ ತೊಡೆ ಉರಿಯುವಷ್ಟು ಕೂತು, ಹಿಮ್ಮಡಿ ಮುಟ್ಟಿಸಿ ಎತ್ತೋದು, ಮುಟ್ಟಿಸಿ ಎತ್ತೋದು. ವಾರವಿಡೀ ಇದೊಂದೇ. ಹಾಲು ಹಾಕುವ ಹುಡುಗ "ಅಂಕಲ್, ನೆಲ ಬಿಸಿ ಇದೆಯಾ?" ಅಂದ.

2018ರಲ್ಲಿ ಬಂದ ಅಮೆರಿಕದ ಒರೆಗಾನ್‌ನವರ ಅಧ್ಯಯನ ನಮ್ಮ ಬ್ಯಾಚಿನಲ್ಲಿ ಎಲ್ಲರಿಗೂ ಬಾಯಿಪಾಠ. 70 ದಾಟಿದ 670 ಜನ, ವಾರಕ್ಕೆ ಎರಡು ದಿನ, ಒಂದೊಂದು ಗಂಟೆ, ಆರು ತಿಂಗಳು. ಸುಮ್ನೆ ಮೈ ಚಾಚುವ ವ್ಯಾಯಾಮ ಮಾಡಿದವರಿಗಿಂತ ತೈ ಚಿ ಗುಂಪಿನವರು ಬಿದ್ದದ್ದು ಶೇ. 58 ಕಡಿಮೆ. ಅವರು ಕಲಿಸಿದ್ದು ಎಂಟೇ ವರಸೆ. ನಾವು 24ಕ್ಕೆ ಕೈ ಹಾಕಿದ್ದು ನಮ್ಮ ದುರಾಸೆ, ಅಲ್ವಾ?

ಇನ್ನೊಂದು ತಿಂಗಳಿಗೆ ಅರೇಬಿಕಾ ಕೊಯ್ಲು. ಕಣದ ತುಂಬ ಹಣ್ಣು ಹರಡಿದರೆ ನಮಗೆ ಜಗಲಿಯೇ ಗತಿ. ಜಗಲಿಯಲ್ಲಿ ಮೂರು ಹೆಜ್ಜೆಗೇ ಕಂಬ ಸಿಗುತ್ತೆ, ಹತ್ತನೇ ವರಸೆ ಮೋಡದ ಕೈ ಮಾಡಿದರೆ ಮೋಡ ಗೋಡೆಗೆ ಹೊಡೆಯುತ್ತೆ. ಜಾಗ ಕಮ್ಮಿಯಾದರೂ ಆಗುವ ಕೆಲಸ ಅಂತ ತೈ ಚಿಯದೇ 32 ವರಸೆಯ ಕತ್ತಿ ಸರಣಿಗೆ ಮನಸ್ಸು ಹಾಕಿದ್ದೇನೆ. ಕತ್ತಿ ಬೀಸಲು ಜಾಗ ಜಾಸ್ತಿ ಬೇಕು ಅಂತ ಹೆಂಡತಿ ಹೇಳಿದ್ದು ಕೇಳಿಸಲಿಲ್ಲ. ಮರದ ಕತ್ತಿ ಮಾಡಿಕೊಳ್ಳೋಕೆ, ಗಾಳಿಗೆ ಬಿದ್ದ ಸಿಲ್ವರ್ ಓಕ್ ಮರದ ಹಲಗೆ ಒಣಗಿ ಕೂತಿದೆ. ಹಿಡಿಯ ಹತ್ತಿರ ಭಾರ ಬರಬೇಕು, ಇಲ್ಲದಿದ್ದರೆ ಮಣಿಕಟ್ಟಿಗೆ ನೋವು. ಹಿಡಿಯೊಳಗೆ ಸೀಸ ತುಂಬಬೇಕೋ, ತುದಿಯನ್ನೇ ತೆಳ್ಳಗೆ ಹೆರೆಯಬೇಕೋ, ಮಾಡಿದವರಿದ್ದರೆ ಹೇಳಿ. ಆನ್‌ಲೈನಿನಲ್ಲಿ ತರಿಸು ಅಂತ ಮಾತ್ರ ಹೇಳಬೇಡಿ, ಎರಡು ಹಿಡಿ ಬಂದಾವು.

ಬಲಗಾಲು ಮುಂದಿಡುವ ಎರಡನೇ ಹೆಜ್ಜೆ ಇವತ್ತು ಮತ್ತೆ ಒಂದು ಸಲ ಹಳೇ ಒಂಟಿ ಗೆರೆಗೇ ಬಂತು. ಅಕ್ಕನಿಗೆ ನಿನ್ನೆಯ ಮೂರು ಹೆಜ್ಜೆಯ ಸುದ್ದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅದ್ಸರಿ, ನನ್ನ ರಂಗೋಲಿ ಡಬ್ಬಿ ಎಲ್ಲಿಟ್ಟೆ?" ಅಂದಳು.