ಅಪ್ಪನ ಮಳೆ ಪುಸ್ತಕ

ಮಾರ್ಚ್ ಕೊನೆಯ ವಾರ, ರಾತ್ರಿ ಕಾಫಿ ಹೂವು ಅರಳಿಸುವ ಹೂಮಳೆ ಬಿದ್ದಿತ್ತು. ಬೆಳಿಗ್ಗೆ ಅಂಗಳದ ಮಳೆಮಾಪಕ ನೋಡಿದೆ: ಒಂದು ಇಂಚು ಹತ್ತು ಸೆಂಟ್, ಅಂದರೆ 1.10 ಇಂಚು. ರೋಬಸ್ಟಾ ಕಾಫಿಗೆ ಇನ್ನೇನು ಬೇಕು! ಆದರೆ ಒಂದು ಮಳೆಯನ್ನೂ ಬಿಡದೆ ಪುಸ್ತಕದಲ್ಲಿ ಬರೆಯುತ್ತಿದ್ದ ಅಪ್ಪ ಹಾಸಿಗೆಯಿಂದ ಎದ್ದಿರಲಿಲ್ಲ.

ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಹಂತ. ಇಜಿಎಫ್‌ಆರ್, ಎಎಲ್‌ಕೆ ಎಂಬ ಜೀನ್‌ಗಳಲ್ಲಿ ಬದಲಾವಣೆ ಇಲ್ಲವೆಂದು ಬಯಾಪ್ಸಿಯಲ್ಲಿ ತಿಳಿದ ಮೇಲೆ ಇಮ್ಯುನೊಥೆರಪಿ, ಕೀಮೊ ಎರಡನ್ನೂ ಒಟ್ಟಿಗೆ ಶುರು ಮಾಡಿದ್ದರು. ಮೂರು ವಾರಕ್ಕೊಮ್ಮೆ ಮಡಿಕೇರಿಯಿಂದ ಮೈಸೂರಿಗೆ. ಮೊದಲು ಅರ್ಧ ಗಂಟೆ ಇಮ್ಯುನೊಥೆರಪಿಯ ಪೆಂಬ್ರೊಲಿಜುಮ್ಯಾಬ್, ಆಮೇಲೆ ಕೀಮೊ ಔಷಧಿಗಳಾದ ಪೆಮೆಟ್ರೆಕ್ಸೆಡ್, ಕಾರ್ಬೋಪ್ಲಾಟಿನ್. ಕೀಮೊ ಕ್ಯಾನ್ಸರ್ ಕೋಶಗಳನ್ನೇ ಹೊಡೆಯುತ್ತದೆ. ಪೆಂಬ್ರೊಲಿಜುಮ್ಯಾಬ್ ನಮ್ಮದೇ ರಕ್ಷಣಾ ಕೋಶಗಳಿಗೆ ಬಿದ್ದ ಪಿಡಿ-1 ಎಂಬ ತಡೆಯನ್ನು ಬಿಡಿಸುತ್ತದೆ. 2018ರಲ್ಲಿ ಪ್ರಕಟವಾದ, 616 ರೋಗಿಗಳ ಅಧ್ಯಯನದಲ್ಲಿ ಒಂದು ವರ್ಷದ ಹೊತ್ತಿಗೆ ಜೊತೆ ಔಷಧಿ ಪಡೆದ ನೂರರಲ್ಲಿ 69 ಜನ ಬದುಕಿದ್ದರು, ಬರೀ ಕೀಮೊ ಪಡೆದವರಲ್ಲಿ 49. ಬೈಲಕುಪ್ಪೆ ದಾಟುವವರೆಗೂ ಆ ಲೆಕ್ಕವನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ.

ಅಮ್ಮ ಹಿತ್ತಲಲ್ಲಿ ಪಿಸುಗುಟ್ಟಿದರು: "ರಾತ್ರಿ ಆರು ಸಲ ಹೋದ್ರು. ಮೂರು ದಿನದಿಂದ ಹೀಗೇ. ನಿಂಗೆ ಹೇಳಬೇಡ ಅಂದಿದ್ರು."

ಹೇಳಿದರೆ ಔಷಧಿ ನಿಲ್ಲಿಸಿಬಿಡುತ್ತಾರೆ ಎಂಬ ಭಯ ಅಪ್ಪನಿಗೆ. ನಾನೂ ಕೀಮೊ ಭೇದಿಯೆಂದುಕೊಂಡು ಮಾತ್ರೆಯ ಡಬ್ಬಿಗೆ ಕೈ ಹಾಕಿದೆ. ಡಬ್ಬಿಯಲ್ಲೇ ನರ್ಸ್ ಕೊಟ್ಟ ಕಾರ್ಡ್ ಇತ್ತು: ಭೇದಿ, ಹೊಸ ಕೆಮ್ಮು, ಉಬ್ಬಸ ಕಂಡರೆ ಕಾಯದೆ ಫೋನ್ ಮಾಡಿ.

"ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟು ಕೂರಬೇಡಿ, ಕರೆದುಕೊಂಡು ಬನ್ನಿ" ಎಂದರು ಡಾಕ್ಟರು. ತಡೆ ಬಿಟ್ಟ ರಕ್ಷಣಾ ಕೋಶಗಳು ಕೆಲವೊಮ್ಮೆ ಕರುಳಿನ ಮೇಲೂ ಬೀಳುತ್ತವಂತೆ. ಎರಡೂ ಔಷಧಿ ಒಟ್ಟಿಗೆ ಇರುವಾಗ ಭೇದಿ ಯಾವುದರದ್ದೆಂದು ಮನೆಯಲ್ಲಿ ಕೂತು ಹೇಳಲಾಗದು; ಮದ್ದು ಮಾತ್ರ ಬೇರೆ ಬೇರೆ. ಮಲ, ರಕ್ತ ಪರೀಕ್ಷೆ ಆಯಿತು, ಸೋಂಕು ಇರಲಿಲ್ಲ. ಸ್ಟೆರಾಯ್ಡ್ ಶುರುಮಾಡಿದರು.

"ಆ ಔಷಧಿ ನಿಲ್ಲಿಸಿದ್ರಾ?" ಅಪ್ಪ ಕೇಳಿದ್ದು ಅದೊಂದನ್ನೇ.

"ಕರುಳು ಸರಿಹೋಗುವವರೆಗೆ ತಡೆ ಹಿಡಿದಿದ್ದಾರೆ ಅಪ್ಪ. ನೀವು ಇನ್ನೂ ಮುಚ್ಚಿಟ್ಟಿದ್ದರೆ ಪೂರ್ತಿ ನಿಲ್ಲಿಸಬೇಕಾಗುತ್ತಿತ್ತೇನೋ."

ಒಂಬತ್ತನೇ ದಿನ ಮನೆಗೆ ಬಂದಾಗ ತೋಟವೆಲ್ಲ ಬಿಳಿ, ಗೇಟಿನವರೆಗೂ ಕಾಫಿ ಹೂವಿನ ಘಮ. ಅಪ್ಪ ಮಳೆ ಪುಸ್ತಕ ತರಿಸಿಕೊಂಡು 1.10 ಬರೆದರು. ಅದರ ಪಕ್ಕ ನಾನೊಂದು ಗೆರೆ ಎಳೆದು ಕೊಟ್ಟೆ, ಅವರು ಎಷ್ಟು ಸಲ ಹೊರಗೆ ಹೋದರೆಂದು ಬರೆಯಲು. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಪೆನ್ನು ತೆಗೆದುಕೊಂಡು 2 ಎಂದು ಬರೆದರು.