ಸಾಲು ಹಾಸಿಗೆ

ಇವತ್ತು ಅಕ್ಕ ಫ್ಯಾಮಿಲಿ ಗ್ರೂಪ್‌ಗೆ ಒಂದು ಹಳೇ ಫೋಟೋ ಹಾಕಿದ್ದಳು. ಹಬ್ಬದ ರಜೆ, ನಡುಮನೆಯ ನೆಲದ ಮೇಲೆ ಸಾಲಾಗಿ ಮಲಗಿರುವ ನಾವೆಲ್ಲ. ಅರ್ಧ ಜನರ ಮುಖವೇ ಕಾಣುವುದಿಲ್ಲ, ಬರೀ ಕಾಲುಗಳು. ಆದರೂ ಯಾವ ಕಾಲು ಯಾರದ್ದು ಅಂತ ಹೇಳಿಬಿಟ್ಟೆ ನೋಡಿ!

ಹಬ್ಬದ ದಿನ ಏನೇನು ಮಾಡಿದೆವು ಅನ್ನುವುದು ಅಷ್ಟಾಗಿ ನೆನಪಿಲ್ಲ. ಹಿಂದಿನ ರಾತ್ರಿ ಮಾತ್ರ ಚೆನ್ನಾಗಿ ನೆನಪಿದೆ. ಗೋಡೆ ಪಕ್ಕದ ಜಾಗಕ್ಕೆ ಜಗಳ. ಇಬ್ಬರಿಗೆ ಒಂದೇ ಹೊದಿಕೆ, ಅದನ್ನು ಎಳೆದಾಡುವುದು ಬೇರೆ. ಲೈಟ್ ಆರಿಸಿದ ಮೇಲೆ ಯಾರೋ ಒಬ್ಬರು ಕಿಸಕ್ಕನೆ ನಕ್ಕರೆ ಇಡೀ ಸಾಲೇ ನಗುತ್ತಿತ್ತು. ಒಳಗಿಂದ ದೊಡ್ಡವರು ಗದರುತ್ತಿದ್ದರು. ಅದಕ್ಕೆ ಇನ್ನೂ ಜಾಸ್ತಿ ನಗು.

ಈಗ ಸೇರಿದರೂ ಎಲ್ಲರಿಗೂ ಬೇರೆ ಬೇರೆ ರೂಮು, ಮಂಚ. ಬೇಡ ಅಂತ ಅಲ್ಲ. ಈ ಬೆನ್ನು ಇಟ್ಟುಕೊಂಡು ನೆಲದ ಮೇಲೆ ಮಲಗುವವರು ಯಾರು ಹೇಳಿ! ಆದರೆ ಅನುಕೂಲ ಹೆಚ್ಚಾದಷ್ಟೂ ಸುಮ್ನೆ ಒಟ್ಟಿಗೆ ಬಿದ್ದುಕೊಂಡು ಹರಟುವುದು ಕಮ್ಮಿಯಾಗುತ್ತದೆ, ಅಲ್ವಾ?

ಅಂದ ಹಾಗೆ, ನಡುಮನೆಯೆಲ್ಲ ನಾವೇ ತುಂಬಿಕೊಂಡಿದ್ದಾಗ ದೊಡ್ಡವರು ಎಲ್ಲಿ ಮಲಗುತ್ತಿದ್ದರು? ಮಲಗುತ್ತಿದ್ದರೋ ಇಲ್ಲವೋ? ಇಷ್ಟು ವರ್ಷ ಈ ಪ್ರಶ್ನೆ ತಲೆಗೇ ಬಂದಿರಲಿಲ್ಲ. ಅಮ್ಮನನ್ನು ಕೇಳಬೇಕು.